ದೇವಣ್ಣನ ಊಟದ ಖರ್ಚು

ಸೆರಗಿನ ಕೊನೆಯ ಗೇಣು ಉಳಿದಿತ್ತು. ಚಿಕ್ಕತಾಯಮ್ಮ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು, ಲಾಳಿ ಎಸೆದಾಗಲೆಲ್ಲ ಮನಸ್ಸಿನಲ್ಲೇ ದೇವಣ್ಣನಿಗೊಂದು ಶಾಪ ಹಾಕುತ್ತಿದ್ದಳು. ಹಾಗಾಗಿ ಸೀರೆ ಬಹಳ ಬಿಗಿಯಾಗಿ ಬಂದಿತ್ತು.

ದೇವಣ್ಣ ಸೀರೆ ವ್ಯಾಪಾರಿ. ಹೋದ ವರ್ಷದ ದಸರೆಗೆ ಅವಳು ನೇಯ್ದ ನಾಲ್ಕು ಸೀರೆ ಒಯ್ದವನು ದುಡ್ಡು ಕೊಟ್ಟಿರಲಿಲ್ಲ. ಅವಳು ಕೋರ್ಟಿಗೆ ಹೋದಳು, ಗೆದ್ದಳು. ನೂರ ನಲವತ್ತು ರೂಪಾಯಿಗೆ ಡಿಕ್ರಿ ಆಯಿತು. ಡಿಕ್ರಿಯ ಕಾಗದ ದೇವರ ಗೂಡಿನಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿತು. ದೇವಣ್ಣ ಕೊಳ್ಳೇಗಾಲದ ಅಂಗಡಿಗೆ ಬೀಗ ಜಡಿದು, ಹೆಂಡತಿ ರಂಗಮ್ಮನೊಡನೆ ಮಾಂಬಳ್ಳಿಯ ಅತ್ತೆಮನೆ ಸೇರಿದ. ಕೊಳ್ಳೇಗಾಲ ಇಂಗ್ಲಿಷರ ಸೀಮೆ, ಮಾಂಬಳ್ಳಿ ಮೈಸೂರು ಮಹಾರಾಜರದು. ಕೊಳ್ಳೇಗಾಲ ಕೋರ್ಟಿನ ಅಮೀನ ಗಡಿಕಲ್ಲಿನವರೆಗೆ ಹೋಗಿ, ಆಚೆ ನಿಂತ ದೇವಣ್ಣನಿಗೆ ವಾರಂಟು ತೋರಿಸಿ ಬರುತ್ತಿದ್ದ, ಮಗುವಿಗೆ ಚಂದ್ರನನ್ನು ತೋರಿಸಿದ ಹಾಗೆ.

ಮಗ್ಗದ ಮೇಲೆ ಉದ್ದಕ್ಕೆ ಬಿಗಿದಿದ್ದ ಎಳೆಗಳೇ ಕಡೆಯ ಹಾಸು. ಅದು ಮುಗಿದರೆ ಹೊಸ ರೇಷ್ಮೆ ತರಲು ಕೈಯಲ್ಲಿ ಕಾಸಿರಲಿಲ್ಲ. ಗಂಡ ಸತ್ತಾಗಲೂ ಹದಿಮೂರು ದಿನಕ್ಕಿಂತ ಹೆಚ್ಚು ನಿಲ್ಲದಿದ್ದ ಮಗ್ಗ ಈಗ ನಿಲ್ಲುವುದರಲ್ಲಿತ್ತು.

ಪಕ್ಕದ ಮನೆ ಶಿವನಂಜಮ್ಮ ಒಬ್ಬ ಮೀಸೆಯವನನ್ನು ಹಿಂದಿಟ್ಟುಕೊಂಡು ನುಗ್ಗಿದಳು.

"ಅಕ್ಕಾ, ಒಸ ಅಮೀನ್ರು ಬಂದವ್ರೆ! ತಮಿಳು ಸೀಮೆ ಭವಾನಿ ಕಡೆಯವ್ರು, ಚಿನ್ನಸ್ವಾಮಿ ಅಂತ. ದೇವಣ್ಣ ಇವರ ಮಕಾನೇ ಕಂಡಿಲ್ಲ!" ಅವನನ್ನು ತಾನೇ ಸಂತೆಯಲ್ಲಿ ಆರಿಸಿ ತಂದವಳ ಹಾಗೆ ಹೇಳಿದಳು.

"ವಾರಂಟಿಗೆ ಇಂದೇ ಕಡೆ ದಿನ ಅಮ್ಮಾ," ಅಂದ ಚಿನ್ನಸ್ವಾಮಿ. "ಆಳು ಈ ಕಡೆ ಕಾಲಿಟ್ಟರೆ ಪಿಡಿಯಬಹುದು."

"ದೇವ್ರು ಕರೆದ್ರೂ ಅವ್ನು ಈ ಕಡೆ ಬರಕಿಲ್ಲ."

"ಸೀರೆ ಕರೆದ್ರೆ?" ಅಂದಳು ಶಿವನಂಜಮ್ಮ.

ಉಳಿದ ಗೇಣು ನೇಯ್ದು, ಸೀರೆ ಮಗ್ಗದಿಂದ ಇಳಿಸಿಕೊಂಡು, ಮಧ್ಯಾಹ್ನದೊಳಗೆ ಮೂವರೂ ಗಡಿಕಲ್ಲಿನ ಹತ್ತಿರ ಇದ್ದರು. ಚಿನ್ನಸ್ವಾಮಿಗೆ ಪೇಟ ಸುತ್ತಿ, ಹೆಗಲಿಗೆ ವಸ್ತ್ರ ಹಾಕಿ ಈರೋಡಿನ ಸಾಹುಕಾರನನ್ನಾಗಿ ಮಾಡಿದ್ದರು. ಕಲ್ಲಿನಾಚೆ ಕಾಫಿ ಹೋಟೆಲಿನ ಬೆಂಚಿನ ಮೇಲೆ ದೇವಣ್ಣ ಲೋಟ ಹಿಡಿದು ಕೂತಿದ್ದ.

"ಏನಕ್ಕಾ, ಡಿಕ್ರಿ ಚೆಂದಾಗದಾ? ಉಪ್ಪು ಸವರಿ ಮಡಗು, ಕೆಟ್ಟೋಗ್ತದೆ."

ಶಿವನಂಜಮ್ಮ ತೋಳಿನ ಮೇಲೆ ಸೀರೆ ಹರಡಿದಳು. ಬಿಸಿಲಿಗೆ ಸೆರಗು ಹೊತ್ತಿಕೊಂಡ ಹಾಗೆ ಹೊಳೆಯಿತು. ಚಿನ್ನಸ್ವಾಮಿ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ, "ಜರಿ ಪಿತ್ತಳೆ," ಅಂದ.

ದೇವಣ್ಣ ಲೋಟ ಕುಕ್ಕಿ ಎದ್ದು ಬಂದ. "ಯಾವೂರು ಸಾವ್ಕಾರನಯ್ಯಾ ನೀನು! ಅದು ಸಾಚಾ ಜರಿ! ಇಲ್ಲಿಂದ್ಲೇ ಕಾಣ್ತದೆ!"

"ನಿಂಗ್ಯಾಕಪ್ಪಾ ಊರ ಉಸಾಬರಿ?" ಅಂದಳು ಚಿಕ್ಕತಾಯಮ್ಮ. "ತಕಳೋನಾದ್ರೆ ಬೆಲೆ ಕಟ್ಟು, ಕೈ ಮೇಲೆ ಕಾಸು ಮಡಗು."

ಅವರ ಕಸುಬಿನಲ್ಲಿ ಬೆಲೆಯನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ವಸ್ತ್ರದ ಮರೆಯಲ್ಲಿ ಕೈಗೆ ಕೈ ಕೊಟ್ಟು, ಬೆರಳು ಒತ್ತಿ ತಿಳಿಸಬೇಕು. ಚಿನ್ನಸ್ವಾಮಿ ಕೈಮೇಲೆ ವಸ್ತ್ರ ಇಳಿಬಿಟ್ಟು ಕಾದ. ದೇವಣ್ಣ ಸುತ್ತ ನೋಡಿದ. ಹಳೆಯ ಅಮೀನನ ಸುಳಿವಿಲ್ಲ. ಗಡಿಕಲ್ಲಿಗೆ ಕಾಲ್ಬೆರಳು ತಾಗಿಸಿ ನಿಂತು, ಕೈ ಮಾತ್ರ ಆಚೆಯಿಂದ ಈಚೆಗೆ ನೀಡಿ, ಮರೆಯಲ್ಲಿ ಮೂರು ಬೆರಳು ಒತ್ತಿದ. ಚಿನ್ನಸ್ವಾಮಿ ಐದೂ ಬೆರಳಿನಿಂದ ಹಿಡಿದು ಬಿಡಲೇ ಇಲ್ಲ.

"ಇದ್ಯಾವ ಲೆಕ್ಕ ಸಾವ್ಕಾರ್ರೇ?"

"ಇದು ವಾರಂಟು."

ಆಮೇಲೆ ನಡೆದದ್ದು ಹಗ್ಗಜಗ್ಗಾಟ. "ಕಾಲು ಮಾರಾಜ್ರ ಸೀಮೆಲದೆ ಕಣಯ್ಯಾ!" ಎಂದು ದೇವಣ್ಣ ಕೂಗಿದ. ಹೋಟೆಲಿನವರೆಲ್ಲ ಎದ್ದು ಬಂದರು. "ಕೈ ಇಂಗ್ಲಿಷ್ರುದು, ಮಿಕ್ಕಿದ್ದು ನಮ್ದು!" ಅಂದ ಒಬ್ಬ. "ಕೈ ಕುಯ್ದು ಕೊಟ್ಬುಡಿ ಅತ್ಲಾಗೆ!" ಅಂದ ಇನ್ನೊಬ್ಬ. ಚಿನ್ನಸ್ವಾಮಿ ಬೆವತುಹೋದ. ವಾರಂಟಿನಲ್ಲಿ ಇಡೀ ದೇವಣ್ಣನ ಹೆಸರಿತ್ತೇ ಹೊರತು ಬರೀ ಕೈಯ ಪ್ರಸ್ತಾಪ ಇರಲಿಲ್ಲ.

ಆ ನೂಕಾಟದಲ್ಲಿ ಶಿವನಂಜಮ್ಮನ ತೋಳಿನಿಂದ ಸೀರೆ ಜಾರಿ ರಸ್ತೆ ಪಕ್ಕದ ಕೊಚ್ಚೆಯತ್ತ ಹೊರಳಿತು.

"ಅಯ್ಯಯ್ಯೋ ಸೀರೆ!" ಎಂದವನು ದೇವಣ್ಣನೇ. ಇಪ್ಪತ್ತು ವರ್ಷ ರೇಷ್ಮೆ ಹಿಡಿದ ಕೈ ಅದು. ಹಿಡಿದಿದ್ದ ಚಿನ್ನಸ್ವಾಮಿಯನ್ನೂ ಎಳೆದುಕೊಂಡು ಒಂದೇ ನೆಗೆತಕ್ಕೆ ಬಂದು, ಕೊಚ್ಚೆಗೆ ಒಂದಂಗುಲ ಇದ್ದಂತೆ ಸೆರಗು ಹಿಡಿದ. ಹಿಡಿದು, ಮಣ್ಣು ತಾಗಿತೇ ಎಂದು ತಿರುಗಿಸಿ ನೋಡಿ, ನಿಟ್ಟುಸಿರು ಬಿಟ್ಟ. ಆಮೇಲೆ ಹಿಂದಕ್ಕೆ ನೋಡಿದ. ಗಡಿಕಲ್ಲು ಅವನ ಬೆನ್ನ ಹಿಂದಿತ್ತು.

ಕೋರ್ಟಿನಲ್ಲಿ ದೇವಣ್ಣ ಎದೆ ಸೆಟೆದು, ಕಾಸು ಬಿಚ್ಚುವುದಿಲ್ಲ, ಜೈಲಿಗೆ ಬೇಕಾದರೆ ಹೋಗುತ್ತೇನೆ ಅಂದ. ಚಿಕ್ಕತಾಯಮ್ಮನ ಹೊಟ್ಟೆ ತಣ್ಣಗಾಯಿತು. ಗುಮಾಸ್ತ ಅವಳನ್ನು ಕರೆದ.

"ತಿಂಗಳ ಊಟದ ಖರ್ಚು ಏಳೂವರೆ ರೂಪಾಯಿ ಕಟ್ಟಿ ಅಮ್ಮಾ."

"ಯಾರ ಊಟ?"

"ದೇವಣ್ಣಂದು. ಜೈಲಿಗೆ ಹಾಕಿಸೋರೇ ಊಟಕ್ಕೂ ಕೊಡಬೇಕು. ತಿಂಗಳು ತಿಂಗಳು ಮುಂಚೆಯೇ, ಹೆಚ್ಚೆಂದರೆ ಆರು ತಿಂಗಳು. ಒಂದು ಸಲ ತಪ್ಪಿದರೂ ಬಿಟ್ಟುಬಿಡ್ತಾರೆ. ಇದೇ ಡಿಕ್ರಿಗೆ ಮತ್ತೆ ಹಿಡಿಯೋ ಹಾಗಿಲ್ಲ."

"ಸೀರೆನೂ ನಾನೇ ಕೊಟ್ಟು, ಅನ್ನಾನೂ ನಾನೇ ಇಕ್ಬೇಕಾ?"

"ಸಾರು ವಸಿ ಗಟ್ಟಿಯಾಗಿರ್ಲಿ ಕಣಕ್ಕಾ," ಅಂದ ದೇವಣ್ಣ.

ಆ ಮಾತಿಗೇ ಅವಳು ಸೀರೆಯನ್ನು ಶಿವನಂಜಮ್ಮನ ಹತ್ತಿರ ಒತ್ತೆ ಇಟ್ಟು ದುಡ್ಡು ಕಟ್ಟಿದಳು. "ನಾನೇನು ಉಟ್ಕಳಕಿಲ್ಲ ಬುಡಕ್ಕ," ಎಂದು ಶಿವನಂಜಮ್ಮ ಆಗಲೇ ಸೆರಗನ್ನು ಹೆಗಲಿಗೆ ಹಿಡಿದು ನೋಡಿಕೊಂಡಳು. "ನೋಡ್ತಿರು, ಮೂರೇ ದಿನಕ್ಕೆ ಎಂಡ್ತಿ ಅಳ್ತಾ ಬತ್ತಾಳೆ."

ಮೂರು ದಿನ ಬೇಕಾಗಲಿಲ್ಲ. ಹೊತ್ತು ಮುಳುಗುವ ಮುನ್ನವೇ ರಂಗಮ್ಮ ಬಂದು ಜಗಲಿಯ ಮೇಲೆ ಕೂತಳು.

"ಅಕ್ಕಾ, ದುಡ್ಡು ಅದೆ. ಪೂರಾ ನೂರ ನಲವತ್ತೂ ಅದೆ. ನನ್ನ ಪೆಟ್ಟಿಗೆಲಿ."

ಚಿಕ್ಕತಾಯಮ್ಮನಿಗೆ ಎದೆಯಲ್ಲಿ ಲಾಳಿ ಹಾರಿದಂತಾಯಿತು. "ತಂದಿದ್ದೀಯಾ?"

"ತಂದ್ರೆ ಅವ್ರು ಜೈಲಿಂದ ಆಚೆ ಬಂದ್ಬುಡ್ತಾರಲ್ಲಕ್ಕಾ!"

ಚಿಕ್ಕತಾಯಮ್ಮ ಅವಳ ಪಕ್ಕಕ್ಕೆ ಬಂದು ಕೂತಳು.

"ಏಳು ತಿಂಗ್ಳಾಯ್ತು ನಮ್ಮವ್ವನ ಮನೆ ಸೇರಿ. ಗಳಿಗೆಗೊಂದು ಕಾಫಿ. ಮುದ್ದೆ ಮೆತ್ತಗಾಯ್ತು, ಸಾರು ನೀರಾಯ್ತು. ಅವ್ರ ಗೊರಕೆಗೆ ನಮ್ಮವ್ವ ಕೊಟ್ಟಿಗೇಲಿ ಮನಗ್ತದೆ. ಇವತ್ತು ಸುದ್ದಿ ಬಂತಲ್ಲ, ನಾನೂ ಅವ್ವಾನೂ ಕಡ್ಲೆಕಾಯಿ ಬೇಯಿಸ್ಕಂಡು ಜಗಲಿ ಮೇಲೆ ಕುಂತು ತಿಂದೊ. ಏನ್ ಮಾತಾಡುದ್ವೋ ಗ್ಯಾನ ಇಲ್ಲ. ಬರೀ ನಕ್ಕೊ." ರಂಗಮ್ಮ ಸೆರಗಿನ ಗಂಟು ಬಿಚ್ಚಿದಳು. "ಕೋರ್ಟ್ ತಾವ ಇಚಾರಿಸ್ಕಂಡೇ ಬಂದೆ. ತಕಳಕ್ಕಾ, ಬರೋ ತಿಂಗ್ಳ ಏಳೂವರೆ. ಮರೀದೆ ಕಟ್ಬುಡು. ಆರು ತಿಂಗ್ಳು ತುಂಬೋಗಂಟ ನಾನೇ ತಂದ್ಕೊಡ್ತೀನಿ."

"ಯಾವ ದುಡ್ನಲ್ಲಿ?"

"ನಿಂದೇ ಕಣಕ್ಕಾ. ಮಿಕ್ಕಿದ್ದ ಕಡೇಲಿ ಕೊಡ್ತೀನಿ."

"ಅವ್ನೇ ತಂದ್ಕೊಡು ಅಂದ್ರೆ?"

"ಜೈಲು ಒಗ್ಗದಿದ್ರೆ ಏಳ್ಕಳುಸ್ತೀನಿ, ದುಡ್ಡು ತಕಂಡು ಬಾ ಅಂತ ಮೊದ್ಲೇ ಅಂದವ್ರೆ. ಮಾಂಬಳ್ಳಿ ದೂರ ಅಲ್ವಾ? ನಂಗೆ ಕೇಳ್ಸಕಿಲ್ಲ."

ಚಿಕ್ಕತಾಯಮ್ಮನಿಗೆ ರೇಗಿತು. ಬೀದಿಗೆ ಕೇಳುವಂತೆ ಒಂದು ಮಾತು ಕೂಗಿದರೆ ಸಾಕಿತ್ತು. ನಾಚಿಕೆಗಾದರೂ ಪೆಟ್ಟಿಗೆಯ ಬೀಗ ತೆರೆಯುತ್ತಿತ್ತು, ಮಗ್ಗ ಓಡುತ್ತಿತ್ತು. ಕೂಗಲೆಂದು ಉಸಿರೆಳೆದುಕೊಂಡಳು. ರಂಗಮ್ಮನ ಸೀರೆಯ ನೆರಿಗೆಯಲ್ಲಿ ಕಡಲೆಕಾಯಿ ಸಿಪ್ಪೆಯೊಂದು ಸಿಕ್ಕಿಕೊಂಡಿತ್ತು.

ತನ್ನ ಗಂಡ ತೀರಿಹೋಗಿ, ನೆಂಟರೆಲ್ಲ ಹೊರಟ ರಾತ್ರಿ ಚಿಕ್ಕತಾಯಮ್ಮ ನಡುಮನೆಯ ಮಧ್ಯೆ ಕೈಕಾಲು ಚಾಚಿ ಮಲಗಿದ್ದಳು. ಬಿಸಿಲು ಮುಖಕ್ಕೆ ಬೀಳುವವರೆಗೆ ಎಚ್ಚರವಾಗಿರಲಿಲ್ಲ. ಎದ್ದು, ಇಷ್ಟು ಚೆನ್ನಾಗಿ ನಿದ್ದೆ ಬಂತಲ್ಲ ಎಂದು ಅತ್ತಿದ್ದಳು. ಊರಿನವರು ಆ ಅಳುವಿಗೆ ಬೇರೆ ಕಾರಣ ತಿಳಿದುಕೊಂಡಿದ್ದರು.

"ಏನಂತೆ ಅಕ್ಕಾ? ಕೊಡ್ತಾಳಂತಾ?" ಗೋಡೆಯಾಚೆಯಿಂದ ಶಿವನಂಜಮ್ಮನ ತಲೆ ಮೇಲೆದ್ದಿತು.

"ಅಳ್ತಾ ಅವಳೆ, ಸುಮ್ನಿರು," ಅಂದಳು ಚಿಕ್ಕತಾಯಮ್ಮ.

ರಂಗಮ್ಮ ತಟ್ಟನೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹೆಗಲು ಕುಲುಕಿದವು. ಗೋಡೆಯಾಚೆಯವಳು ಲೊಚಗುಟ್ಟಿದಳು.

ರಂಗಮ್ಮ ಹೋದ ಮೇಲೆ ಚಿಕ್ಕತಾಯಮ್ಮ ಒಳಗೆ ಬಂದು ಬರಿದಾದ ಮಗ್ಗದ ಮುಂದೆ ಕೂತಳು. ಕೂಲಿಗೆ ಬೇರೆಯವರ ರೇಷ್ಮೆ ಸುತ್ತಿಕೊಟ್ಟರೂ ಎರಡು ಹೊತ್ತಿನ ಗಂಜಿಗೆ ಮೋಸವಿಲ್ಲ. ಆದರೂ ಆರು ತಿಂಗಳು ಹೆಚ್ಚಾಯಿತು, ಯುಗಾದಿಗೆ ಇನ್ನು ಮೂರೇ ತಿಂಗಳು. ಯುಗಾದಿ ಕಳೆಯುವವರೆಗೆ ದೇವಣ್ಣ ಒಳಗಿರಲಿ, ಎಂದುಕೊಂಡು ದೀಪ ಹಚ್ಚಲು ಎದ್ದಳು.