ಫ್ಯೂಜ್ ಹೋತಂದ್ರ ನೀನೂ ಹೋದಿ

ಫ್ಯೂಜ್ ಸುಡುವುದು ಕರೆಂಟಿನಿಂದ ಎಂದು ಬಿ.ಎಸ್ಸಿ.ಯಲ್ಲಿ ಓದಿದ್ದೆ. ಎಂಬತ್ತರ ದಶಕದ ನಡುವೆ ಹಾನಗಲ್ಲಿನ ಪಂಪ್‌ಸೆಟ್ ಅಂಗಡಿಯೊಂದಕ್ಕೆ ಸೇರಿದ ಮೇಲೆ, ಅದು ಸುಡುವುದು ಮನುಷ್ಯರಿಂದ ಎಂದು ತಿಳಿಯಿತು. ಮನುಷ್ಯರಿಗೆ ಕೊರತೆ ಇರಲಿಲ್ಲ. ಹಾಗಾಗಿ ಫ್ಯೂಜುಗಳು ಸುಡುತ್ತಲೇ ಇದ್ದವು.

ಅಂಗಡಿಯ ಸಾವುಕಾರರು ಹುಬ್ಬಳ್ಳಿಯಿಂದ ಕೈಯಲ್ಲಿ ಹಿಡಿಯುವ ಡಿಜಿಟಲ್ ಮೀಟರ್ ತರಿಸಿದ್ದರು. ಅದರ ಕೆಂಪು ವೈರಿಗೆ ಎರಡು ತೂತು: ಒಂದು ವೋಲ್ಟಿಗೆ, ಒಂದು ಆಂಪಿಯರಿಗೆ. ಆಂಪಿಯರ್ ತೂತಿನಲ್ಲಿ ವೈರು ಬಿಟ್ಟು ಪ್ಲಗ್ಗಿಗೆ ಚುಚ್ಚಿದರೆ, ಒಳಗಿನ ಬೀಡಿ ತುಂಡಿನಷ್ಟು ಗಾಜಿನ ಫ್ಯೂಜ್ ಸಾಯುತ್ತದೆ, ಮೀಟರ್ ಬದುಕುತ್ತದೆ.

ಊರೂರಿಗೆ ಹೋಗಿ ಕರೆಂಟು ಅಳೆದು ತೋರಿಸಲು ಮೀಟರ್ ನನ್ನ ಸುಪರ್ದಿಗೆ ಬಂತು. "ಗಿರಾಕಿ ಮುಟ್ಟಿ ನೋಡ್ತೇನಿ ಅಂದ್ರ ಇಲ್ಲ ಅನಬ್ಯಾಡ" ಎಂದು ಸಾವುಕಾರರ ಅಪ್ಪಣೆ. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಆದರೆ ಆಗಿದೆ ಎಂದು ಅಪ್ಪ ಆಗಲೇ ನಮ್ಮೂರು ಮಾಸೂರಿಗೆಲ್ಲ ಸಾರಿಬಿಟ್ಟಿದ್ದ.

ನಾಜೂಕು ಮೀಟರ್

ಸವಣೂರಿನಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಮಿಸ್ತ್ರಿಯೊಬ್ಬರು ಕೈ ಚಾಚಿದರು. "ತಾರ್ರಿ ಇಲ್ಲೆ, ಇಪ್ಪತ್ತು ವರ್ಷದ ಅನುಭವ ಐತಿ."

ಅನುಭವ ನೇರವಾಗಿ ಆಂಪಿಯರ್ ತೂತಿಗೇ ಹೋಯಿತು. ಟಪ್.

"ನಿಮ್ಮ ಮೀಟರ್ ಭಾಳ ನಾಜೂಕ ಐತ್ರಿ. ನನ್ನ ಸೂಜಿ ಮೀಟರ್ ಆಗಿದ್ರ ತಡಕೊಂತಿತ್ತು."

"ಎಲ್ಲೈತ್ರಿ ಅದು?"

"ಅದು ಹ್ವಾದ್ ವರ್ಷ ಹಿಂಗ ಸುಟ್ಟು ಹೋತ್ರಿ."

ಸುಳ್ಳು ಹೇಳುವ ಬಲ್ಬು

ಮೀಟರಿನ ಜೊತೆ ಬಂದಿದ್ದ ಒಂದೇ ಒಂದು ಹೆಚ್ಚಿನ ಫ್ಯೂಜನ್ನು ಹಾಕಿದೆ. "ಇದೊಂದ್ ಸಲ ಬಿಟ್ಟೇನಿ" ಎಂದು ಗದರಿದರು ಸಾವುಕಾರರು.

ಶಿಗ್ಗಾವಿಯ ಹಿಟ್ಟಿನ ಗಿರಣಿಯವರಿಗೂ ಲೈನ್‌ಮನ್‌ಗೂ ಜಗಳ ನಡೆದಿತ್ತು. ಕರೆಂಟೇ ಬರುವುದಿಲ್ಲ ಎಂದು ಇವರು; ಭರಪೂರ ಐತಿ ಎಂದು ಅವನು. ಗಿರಣಿಯವರು ನನ್ನ ಕೈಯಿಂದ ಮೀಟರ್ ಕಸಿದು, ವೈರನ್ನು ಆಂಪಿಯರ್ ತೂತಿಗೆ ಸಿಕ್ಕಿಸಿ, ಪ್ಲಗ್ಗಿಗೆ ಚುಚ್ಚಿದರು. ಟಪ್. ಫ್ಯೂಜ್ ಸತ್ತಿತು. ಅಂಕಿ ಸೊನ್ನೆಗೆ ಬಂತು.

"ನೋಡಲೇ! ಸೊನ್ನಿ!"

ಲೈನ್‌ಮನ್ ತಲೆಯೆತ್ತಿ ಉರಿಯುತ್ತಿದ್ದ ಬಲ್ಬು ತೋರಿಸಿದ. "ಹಂಗಾದ್ರ ಇದು ಯಾತರ ಮ್ಯಾಲ ಉರಿಯಾಕತ್ತೈತ್ರಿ?"

"ಹುಬ್ಬಳ್ಳಿ ಮೀಟರ್ ಸುಳ್ಳ ಹೇಳ್ತೈತೇನ? ನಿನ್ನ ಬಲ್ಬ್ ಸುಳ್ಳ ಹೇಳ್ತೈತಿ."

ಹೋಗುವ ಮಾಲು

ಈ ಸಲ ಸಾವುಕಾರರು ದನಿ ಏರಿಸಲಿಲ್ಲ. "ಇನ್ನೊಂದು ಫ್ಯೂಜ್ ಹೋತಂದ್ರ ನೀನೂ ಹೋದಿ" ಎಂದರು, ಅಷ್ಟೇ.

ಫ್ಯೂಜ್ ಹುಡುಕುತ್ತ ಹಿರೇಕೆರೂರಿಗೆ ಹೋದೆ. ವಿದ್ಯುತ್ ಸಾಮಾನಿನ ಅಂಗಡಿಯವರು ನನ್ನ ಗಾಜಿನ ತುಂಡನ್ನು ಬೆಳಕಿಗೆ ಹಿಡಿದು ನಕ್ಕರು.

"ಇದರೊಳಗ ಕೂದಲದಂಥ ಎಳಿ ಐತಲ್ಲರಿ! ಮನ್ಯಾಗಿನ ಫ್ಯೂಜಿಗೆ ಸುತ್ತತೇವಲ್ಲ, ಆ ತಂತಿ ನಾಕ್ ಸುತ್ತು ಹಾಕ್ರಿ. ಜನ್ಮದಾಗ ಹೋಗೂದಿಲ್ಲ."

"ಹೋಗಬೇಕ್ರಿ. ಹೋಗೂದ ಅದರ ಕೆಲಸ."

ಅವರ ಮುಖ ಗಂಭೀರವಾಯಿತು. "ಹೋಗೂವಂಥ ಮಾಲು ನಾವು ಮಾರೂದಿಲ್ಲ. ನಮ್ಮದು ಅಪ್ಪನ ಕಾಲದ ಅಂಗಡಿ."

ಗಟ್ಟಿ ಫ್ಯೂಜ್

ಬರಿಗೈಲಿ ಹಿಂತಿರುಗಿ, ಫ್ಯೂಜ್ ಹುಬ್ಬಳ್ಳಿಯಿಂದಲೇ ತರಿಸಬೇಕೆಂದು ಸಾವುಕಾರರಿಗೆ ಹೇಳಿದೆ. ಮರುದಿನ ಅಂಗಡಿಗೆ ಬಂದಾಗ ಸಾವುಕಾರರೇ ಮೀಟರಿನ ಹಿಂದಿನ ಸ್ಕ್ರೂ ಬಿಗಿಯುತ್ತಿದ್ದರು.

"ಫ್ಯೂಜ್ ಎಲ್ಲಿ ಸಿಕ್ತ್ರಿ?"

"ನಿನಗ್ಯಾಕ ಬೇಕದು? ಗಿರಾಕಿ ಕುಂತಾರ, ನೋಡು."

ಪಂಪ್ ಕೊಳ್ಳಲು ಬಂದ ರೈತರ ಎದುರು ಅವರೇ ಮೀಟರ್ ತೋರಿಸಲು ನಿಂತರು. ಕೆಂಪು ವೈರು ಆಂಪಿಯರ್ ತೂತಿನಲ್ಲಿತ್ತು.

"ಸಾವುಕಾರ್ರ, ವೈರು..."

"ಸುಮ್ನಿರು. ಗಿರಾಕಿ ಮುಂದ ನನಗ ಕಲಸಾಕ ಬರಬ್ಯಾಡ."

ಚುಚ್ಚಿದರು. ಈ ಸಲ ಟಪ್ ಅಲ್ಲ, ಢಂ. ಸಾವುಕಾರರು ಎರಡು ಹೆಜ್ಜೆ ಹಿಂದಕ್ಕೆ ಹಾರಿದರು. ಮೀಟರ್ ಮೇಜಿನ ಮೇಲೆ ಬಿದ್ದು ಹೊಗೆ ಬಿಟ್ಟಿತು.

"ಇದರಾಗ ಹೊಗಿನೂ ಬರ್ತೈತೇನ್ರಿ?" ಎಂದು ಒಬ್ಬ ರೈತ ಮೆಚ್ಚಿಕೊಂಡ.

ಸಾವುಕಾರರು ನನ್ನನ್ನೇ ದಿಟ್ಟಿಸಿದರು. ನೌಕರಿ ಮುಗಿಯಿತು ಎಂದುಕೊಂಡೆ. ಅಪ್ಪ ಮಾಸೂರಿಗೆ ಏನು ಹೇಳುತ್ತಾನೋ ಎನ್ನಿಸಿತು. ವೈರು ಕಿತ್ತು ಹಿಂಬದಿ ಬಿಚ್ಚಿದೆ. ಒಳಗೆಲ್ಲ ಇದ್ದಿಲು. ಸತ್ತ ಫ್ಯೂಜಿನ ಸುತ್ತ ದಪ್ಪ ತಾಮ್ರದ ತಂತಿ ಮಾತ್ರ ಫಳಫಳ ಹೊಳೆಯುತ್ತಿತ್ತು.

"ಮೀಟರ್ ಹೋತ್ರಿ."

"ಫ್ಯೂಜ್?"

"ಗಟ್ಟಿ ಐತ್ರಿ."

ಸಾವುಕಾರರ ಮುಖ ಅರಳಿತು. ರೈತರತ್ತ ತಿರುಗಿದರು. "ನೋಡಿದ್ರಿಲ್ಲ? ಅಷ್ಟು ದೊಡ್ಡ ಮೀಟರ್ ಹೋತು, ನಾ ಸುತ್ತಿದ ಫ್ಯೂಜ್ ಹೋಗಲಿಲ್ಲ!"

ಆಮೇಲೆ ನನ್ನ ಬೆನ್ನು ತಟ್ಟಿದರು. "ಅದು ಹೋಗಿದ್ರ ಇವತ್ತ ನಿನ್ನ ಬಿಡಿಸಿಬಿಡ್ತಿದ್ದೆ. ಉಳಕೊಂಡಿ. ನಡಿ, ಎಲ್ಲಾರಿಗೂ ಚಾ ಹೇಳು."