ಹದಿನಾರು ಮಡಿಕೆ

೧೯೮೮ನೇ ಇಸವಿ ಮಾರ್ಚ್ ೧೦, ಗುರುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಲಾರಿ ಡ್ರೈವರ್ ಚಮನಸಾಬ ತನ್ನ ಮಾವನ ಕ್ಯಾಮೆರಾವನ್ನು ಕ್ಯಾಬಿನ್ನಿನೊಳಗಿನ ಇಂಜಿನ್ ಮುಚ್ಚಳದ ಮೇಲೆ, ಊಟದ ಡಬ್ಬಿಯ ಪಕ್ಕದಲ್ಲಿ ಇಟ್ಟ. ಡಬ್ಬಿ ಬಿಸಿಯಾಗಿರಲೆಂದು ಗೋವಾದ ಡಿಚೋಲಿಯ ಅದಿರು ಲಾರಿಗಳವರೆಲ್ಲ ಅಲ್ಲೇ ಇಡುತ್ತಾರೆ. ಗಣಿಯಿಂದ ನದಿ ದಂಡೆಗೆ ಒಂದು ಖೇಪು ಮುಗಿಸಿ ಐವತ್ತು ನಿಮಿಷದ ನಂತರ ನೋಡಿದರೆ ಊಟ ಬಿಸಿಯಾಗಿತ್ತು. ಕ್ಯಾಮೆರಾ ಬೆಂದಿತ್ತು.

ಅದು ಮಡಚುವ ಹಳೆಯ ಕ್ಯಾಮೆರಾ. ಮುಂದಿನ ಗಾಜಿಗೂ ಹಿಂದಿನ ಪೆಟ್ಟಿಗೆಗೂ ನಡುವೆ ಹಾರ್ಮೋನಿಯಮ್ಮಿನದರಂತೆ ಹಿಗ್ಗಿ ಕುಗ್ಗುವ ಕಪ್ಪು ಚರ್ಮದ ತಿದಿ. ಚಮನಸಾಬನ ಮಾವ ಮೈಬೂಬಸಾಬ ಗಜೇಂದ್ರಗಡದಲ್ಲಿ ಮೂವತ್ತು ವರ್ಷ ಇದರಲ್ಲೇ ಊರಿನ ಮುಖಗಳನ್ನೆಲ್ಲ ಹಿಡಿದಿದ್ದರು. ಮಗಳು ಅಮೀರಬಿಯ ಮದುವೆಯಲ್ಲಿ ಅದನ್ನು ಅವಳ ಕೈಗೇ ಕೊಟ್ಟಿದ್ದರು. ಚಮನಸಾಬ ಅಂದಿನಿಂದ ಅದನ್ನು "ಹರಕು ಹಾರ್ಮೋನಿಯಂ" ಎಂದೇ ಕರೆಯುತ್ತಿದ್ದ. ಆದರೆ ಲಾರಿಗೆ ಹೊಸ ಬಣ್ಣ ಬಂದಿತ್ತು, ಅದರ ಮೇಲೆ ಗಣಿಯ ಕೆಂಪು ಧೂಳು ಕೂರುವ ಮೊದಲೇ ಪಕ್ಕ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ಆಸೆ ಹುಟ್ಟಿತ್ತು. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಛತ್ರಿಯ ಕಪ್ಪು ಬಟ್ಟೆ ಕತ್ತರಿಸುವುದರಲ್ಲಿ ಮುಳುಗಿದ್ದಾಗ, ಅವಳ ಬೆನ್ನ ಹಿಂದೆ ಮಂಚದ ಕೆಳಗಿನ ಟ್ರಂಕಿನಿಂದ ಕ್ಯಾಮೆರಾವನ್ನು ಬೆಕ್ಕಿನಂತೆ ಎತ್ತಿ ತಂದಿದ್ದ.

ಇನ್ನೊಂದು ಸಂಗತಿಯೂ ಇತ್ತು. ಅದೇ ಸಂಜೆ ಮಾವ ಊರಿನಿಂದ ಬರುವವರಿದ್ದರು. ಮೊಮ್ಮಗಳು ಬಾನುವಿಗೆ ವರ್ಷ ತುಂಬಿತ್ತು. ಅವಳ ಮೊದಲ ಫೋಟೋವನ್ನು ಮರುದಿನ ಅದೇ ಕ್ಯಾಮೆರಾದಲ್ಲಿ ತೆಗೆಯಬೇಕೆಂದು ಕಾಗದ ಬರೆದಿದ್ದರು.

"ಅಯ್ಯ, ಇಷ್ಟಕ್ಕ ಯಾಕ ಮಾರಿ ಸಣ್ಣ ಮಾಡ್ತಿ?" ಎಂದ ದೇವಲಪ್ಪ. ಅವನು ಹಿಂದಿನ ಲಾರಿಯ ಡ್ರೈವರು. ಯಾರ ಬಾನೆಟ್ಟು ತೆರೆದರೂ ಅದರೊಳಗೆ ಮೊದಲು ಇಣುಕುವ ತಲೆ ಅವನದು. "ತೂತ ಬಿದ್ದೈತಿ, ತೇಪಿ ಹಚ್ಚೂಣು."

"ಇದು ಟ್ಯೂಬ್ ಅಲ್ಲಪಾ, ಕ್ಯಾಮೆರಾ."

"ಹವಾ ತುಂಬಿದ್ರ ಟ್ಯೂಬ್, ಬೆಳಕ ತುಂಬಿದ್ರ ಕ್ಯಾಮೆರಾ. ಸೋರೂದು ಎರಡೂ ಒಂದ. ಕೊಡಿಲ್ಲೆ."

ಪಂಕ್ಚರ್ ಸೊಲ್ಯೂಷನ್ನು ಬಳಿದು, ಊದಿ ಒಣಗಿಸಿ, ದೇವಲಪ್ಪ ರಬ್ಬರಿನ ತೇಪೆಯೊಂದನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದ. ಸುಟ್ಟ ಹಪ್ಪಳದಂತೆ ಮುರುಟಿದ್ದ ತಿದಿ ಈಗ ಹಠ ಹಿಡಿದ ಎಮ್ಮೆಯಾಯಿತು. ಮುಂದೆ ಎಳೆದರೆ ಬಾರದು, ಹಿಂದೆ ದೂಡಿದರೆ ಹೋಗದು.

"ಗಟ್ಟಿ ಕುಂತೈತಿ ನೋಡು," ಎಂದು ದೇವಲಪ್ಪ ಮೆಚ್ಚಿಕೊಂಡ. ಆಮೇಲೆ ಗೆಳೆಯನ ಮುಖ ನೋಡಿ, "ಪಣಜ್ಯಾಗ ಕ್ಯಾಮೆರಾದ ಡಾಕ್ಟರ್ ಅದಾರಂತ. ಇವತ್ತಿನ ಖೇಪ ನಾ ನೋಡ್ಕೋತೀನಿ, ನೀ ಹೋಗು," ಎಂದ.

ಬಸ್ಸು ಅವನನ್ನು ಬೆತಿಂ ದಂಡೆಗೆ ತಂದು ಬಿಟ್ಟಾಗ ಹತ್ತೂವರೆ. ಸೇತುವೆ ಕುಸಿದಂದಿನಿಂದ ಪಣಜಿಗೆ ಮಾಂಡೋವಿ ನದಿಯನ್ನು ಫೆರಿಯಲ್ಲೇ ದಾಟಬೇಕು. ಎದೆಗವಚಿಕೊಂಡಿದ್ದ ಬಟ್ಟೆಯ ಗಂಟನ್ನು ನೋಡಿ ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡಿದ್ದ ಮೀನಿನ ಹೆಂಗಸು, "ಬಾಂಗಡೆನಾ?" ಎಂದು ಕೇಳಿದಳು. ಅಲ್ಲವೆಂದ. ಅವಳು ಮೂಗು ಹತ್ತಿರ ತಂದು, ಹಾಗಾದರೆ ಅದು ಯಾವುದೇ ಇರಲಿ, ಕೆಟ್ಟಿದೆ ಎಂದು ತೀರ್ಪು ಕೊಟ್ಟಳು.

ಚರ್ಚಿನ ಹಿಂದಿನ ಓಣಿಯಲ್ಲಿ ಮೊದಲ ಅಂಗಡಿ. ಅಗಲ ಎರಡು ತೋಳು ಚಾಚಿದಷ್ಟು. ಒಳಗೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಒಬ್ಬ ಮುದುಕ. ಅವನು ಕ್ಯಾಮೆರಾವನ್ನು ಎರಡೂ ಅಂಗೈಯಲ್ಲಿ, ಹಕ್ಕಿಮರಿಯನ್ನು ತೆಗೆದುಕೊಳ್ಳುವಂತೆ ತೆಗೆದುಕೊಂಡ. ಮಸೂರವನ್ನು ಬಿಚ್ಚಿ ಬೆಳಕಿಗೆ ಹಿಡಿದ. ಒಳಗೆ ಜೇಡರ ಬಲೆಯಂಥ ಬಿಳಿಯ ಬೂಸ್ಟು ಬೆಳೆದಿತ್ತು. ಹತ್ತಿಯನ್ನು ಕಡ್ಡಿಗೆ ಸುತ್ತಿ, ದ್ರಾವಣದಲ್ಲಿ ಅದ್ದಿ, ನಡುವಿನಿಂದ ಅಂಚಿನ ಕಡೆಗೆ ಸುತ್ತು ಸುತ್ತಾಗಿ ಒರೆಸಿದ. ಒಮ್ಮೆಯೂ ಬೆರಳು ಗಾಜಿಗೆ ತಾಗಲಿಲ್ಲ. ಹದಿನೈದು ಟನ್ನಿನ ಲಾರಿಯನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸುವ ಚಮನಸಾಬ ಆ ಬೆರಳುಗಳನ್ನು ನೋಡುತ್ತ ಉಸಿರು ಬಿಡುವುದನ್ನೂ ಮರೆತ.

"ತಿದಿ ಹೇಗೆ ಸುಟ್ಟಿತು?" ಎಂದು ಮುದುಕ ಹಿಂದಿಯಲ್ಲಿ ಕೇಳಿದ.

ಅಂಥ ಕೈಗಳ ಮುಂದೆ ಇಂಜಿನ್ನಿನ ಸುದ್ದಿ ಹೇಳಲು ಚಮನಸಾಬನಿಗೆ ನಾಚಿಕೆಯಾಯಿತು. "ಹೆಂಡತಿ," ಎಂದ. "ಒಲೆ ಪಕ್ಕ ಇಟ್ಟುಬಿಟ್ಟಳು."

ಮುದುಕ ತಲೆ ಅಲ್ಲಾಡಿಸಿ, ಹೊಳೆಯುವ ಮಸೂರವನ್ನು ಕಾಗದದಲ್ಲಿ ಸುತ್ತಿ ಪ್ರತ್ಯೇಕವಾಗಿ ಕೊಟ್ಟ. ತನ್ನದು ಗಾಜು ಮಾತ್ರ. ಷಟರಿಗೆ ಮೂರು ಅಂಗಡಿ ಆಚೆಯ ಕಾಯ್ತಾನನ ಬಳಿ ಹೋಗಬೇಕು.

ಕಾಯ್ತಾನ ಅಳತೆಯ ಯಂತ್ರ ಇಟ್ಟುಕೊಂಡಿರಲಿಲ್ಲ, ಕಿವಿ ಇಟ್ಟುಕೊಂಡಿದ್ದ. ಷಟರನ್ನು ಕಿವಿಗೆ ಹಿಡಿದು ಗುಂಡಿ ಒತ್ತಿದ. ಟಿಕ್. "ಇದರ ಮೇಲೆ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗ ಎಂದು ಬರೆದಿದೆ. ಓಡುತ್ತಿರುವುದು ಹದಿನೆಂಟರಲ್ಲಿ. ಮುದುಕನಾಗಿದ್ದಾನೆ, ಬಾಬ್." ಪೆಟ್ರೋಲಿನಲ್ಲಿ ತೊಳೆದು, ಒಣಗಲು ಇಟ್ಟು, ಒಂದು ಗಂಟೆ ಹೊಡೆದ ಕೂಡಲೇ ಬಾಗಿಲು ಹಾಕಿದ. "ಮೂರೂವರೆಗೆ ಬಾ. ಅವನೂ ಮಲಗಲಿ, ನಾನೂ ಮಲಗುತ್ತೇನೆ."

ಇಡೀ ಪಣಜಿ ಮಲಗಿತು. ಚಮನಸಾಬ ಮೆಟ್ಟಿಲ ಮೇಲೆ ಕುಳಿತು ಮಾವನ ಬಸ್ಸು ಎಲ್ಲಿಗೆ ಬಂದಿರಬಹುದೆಂದು ಲೆಕ್ಕ ಹಾಕಿದ. ಮೂರೂವರೆಗೆ ಕಾಯ್ತಾನ ಮತ್ತೆ ಕಿವಿಗೆ ಹಿಡಿದು ಒತ್ತಿದ. ಟಿಕ್. ಮುಖ ಅರಳಿತು. ಷಟರನ್ನು ಸಿಗರೇಟಿನ ಡಬ್ಬಿಯಲ್ಲಿ ಇಟ್ಟು ಕೊಟ್ಟು ರಾಯ್ಕರ ಮಾಸ್ತರರ ಅಂಗಡಿಗೆ ದಾರಿ ಹೇಳಿದ. ಬೆಳಿಗ್ಗೆ ಒಂದೇ ಆಗಿದ್ದ ಕ್ಯಾಮೆರಾ ಈಗ ಮೂರು ಪೊಟ್ಟಣವಾಗಿತ್ತು.

ರಾಯ್ಕರ ಮಾಸ್ತರರು ಕಾರವಾರದವರು. ಅಪ್ಪ ಬಂಗಾರದ ಕೆಲಸ ಮಾಡುತ್ತಿದ್ದ ಚಿಮಟಿಗೆಯಲ್ಲೇ ಇವರು ಕ್ಯಾಮೆರಾ ಬಿಚ್ಚುತ್ತಿದ್ದರು. ಕನ್ನಡ ಕೇಳಿ ಚಮನಸಾಬನಿಗೆ ಅರ್ಧ ಜೀವ ಬಂದಂತಾಯಿತು. ಅವರು ತಿದಿಯೊಳಗೆ ಒಂದು ಪುಟ್ಟ ಬಲ್ಬನ್ನು ಇಳಿಸಿ, ಕಿಟಕಿ ಮುಚ್ಚಿ, ಕತ್ತಲೆ ಮಾಡಿದರು. ಸುಟ್ಟ ಚರ್ಮದ ತುಂಬ ನಕ್ಷತ್ರಗಳು ಮೂಡಿದವು.

"ಇಪ್ಪತ್ತಮೂರು ತೂತು," ಎಂದು ಎಣಿಸಿ ಹೇಳಿದರು. "ಇದು ಹೋಯಿತು. ಹೊಸದೇ ಆಗಬೇಕು. ಈಗ ಇದನ್ನು ನೋಡಿ."

ಕಪಾಟಿನಿಂದ ಇನ್ನೊಂದು ಕ್ಯಾಮೆರಾದ ಹೊಸ ತಿದಿಯನ್ನು ತೆಗೆದು ಬಲ್ಬನ್ನು ಅದರೊಳಗಿಟ್ಟರು. ಕತ್ತಲೆ ಕತ್ತಲೆಯಾಗಿಯೇ ಉಳಿಯಿತು.

"ದೀಪ ಹಚ್ಚೀರೇನ್ರಿ ಮಾಸ್ತರ?"

"ಉರಿಯುತ್ತಲೇ ಇದೆ."

ಕಿಟಕಿ ತೆರೆದಾಗ ಚಮನಸಾಬ ತಿದಿಯನ್ನು ಕೈಗೆ ತೆಗೆದುಕೊಂಡ. ಹದಿನಾರು ಮಡಿಕೆ. ಮಾಸ್ತರರು ಅಳತೆಕಡ್ಡಿ ಹಿಡಿದು ತೋರಿಸಿದರು: ಒಂದೊಂದೂ ಒಂಬತ್ತು ಮಿಲಿಮೀಟರ್, ಕೂದಲಷ್ಟೂ ಹೆಚ್ಚು ಕಡಿಮೆಯಿಲ್ಲ. ಒತ್ತಿದರೆ ಇಸ್ಪೀಟು ಎಲೆಯಂತೆ ಮಲಗುತ್ತಿತ್ತು, ಬಿಟ್ಟರೆ ಉಸಿರೆಳೆದುಕೊಂಡಂತೆ ಎದ್ದು ನಿಲ್ಲುತ್ತಿತ್ತು.

"ಯಾರ್ರಿ ಇದನ್ನ ಮಾಡಿದವ್ರು?"

"ಗೋವಾದಲ್ಲಿ ಇದನ್ನು ಮಾಡುವವರು ಒಬ್ಬರೇ. ನಿಮ್ಮ ಡಿಚೋಲಿಯಲ್ಲೇ ಇದ್ದಾರೆ. ಅವರನ್ನು ನಾನು ನೋಡಿಲ್ಲ, ಕೆಲಸ ನೋಡಿದ್ದೇನೆ. ಕಂಡಕ್ಟರನ ಕೈಯಲ್ಲಿ ಕಳಿಸುತ್ತೇನೆ, ಹೊಳೆಪ್ಪ ಎಂಬವರ ಚಹಾದಂಗಡಿಯಲ್ಲಿ ಇಳಿಸುತ್ತಾನೆ."

"ಹೊಳೆಪ್ಪನ ಅಂಗಡಿ ನಮ್ಮ ಓಣಿ ಬಾಯಾಗ ಐತ್ರಿ! ಆ ಕೈಗೆ ಬಂಗಾರದ ಕಡಗಾ ಹಾಕಬೇಕ್ರಿ ಮಾಸ್ತರ. ಇವತ್ತ ಹೋಗಿ ಅವರ ಕಾಲಿಗೆ ಬೀಳತೇನಿ. ರಾತ್ರಿ ಊಟದೊಳಗ ಮಾಡಿಕೊಟ್ರ ನನ್ನ ಮಾನ ಉಳೀತೈತಿ."

"ತಡೆಯಿರಿ, ಚೀಟಿ ಬರೆಯಬೇಕು. ಕನ್ನಡದಲ್ಲೇ ಬರೆಯುತ್ತೇನೆ, ಅವರು ಕನ್ನಡ ಓದುವವರು." ಮಾಸ್ತರರು ಮನೆಗಳನ್ನು ಗೀಟಿದ ಕಾಗದ ತೆಗೆದರು. "ದೋಷ ಬರೆದಾಯಿತು. ಕಾರಣ? ಸರಿಯಾಗಿ ಹೇಳಿ. ಒಮ್ಮೆ ಗಿರಾಕಿಯೊಬ್ಬ ಮಳೆಯಲ್ಲಿ ನೆನೆಯಿತು ಎಂದು ಬರೆಸಿದ್ದ. ಇದು ಸಮುದ್ರದ ಉಪ್ಪು ಎಂದು ಕೆಲಸ ಮುಟ್ಟದೆ ವಾಪಸು ಕಳಿಸಿಬಿಟ್ಟರು."

ಬೆಳಿಗ್ಗೆ ಹೇಳಿದ್ದನ್ನು ಸಂಜೆ ಬದಲಿಸುವುದು ಚಮನಸಾಬನಿಗೆ ಸರಿಕಾಣಲಿಲ್ಲ. "ಹೇಣ್ತಿ ಒಲಿ ಬಾಜೂಕ ಇಟ್ಟಿದ್ಲ್ರಿ."

"ಈ ರಬ್ಬರ್ ತೇಪೆ?"

"ಅದೂ ಆಕೀನ. ಛತ್ರಿ ರಿಪೇರಿ ಮಾಡತಾಳ್ರಿ, ಕಂಡದ್ದಕ್ಕೆಲ್ಲಾ ತೇಪಿ ಹಚ್ಚೂ ಚಟ. ಇಂಥಾ ನಾಜೂಕ ಕೆಲಸದ ಗಂಧಾನ ಇಲ್ಲ ಆಕಿಗಿ."

ಮಾಸ್ತರರು ಒಂದಕ್ಷರ ಬಿಡದೆ ಬರೆದರು. "ಬಂದ ದೂರ" ಎಂಬ ಕೊನೆಯ ಮನೆಯಲ್ಲಿ ಪೆನ್ನು ನಿಂತಿತು. "ದೂರದಿಂದ ಅಲುಗಾಡಿ ಬಂದದ್ದರ ಮೊಳೆಗಳು ಸಡಿಲವಾಗಿರುತ್ತವೆ, ಅದಕ್ಕೆ ಕೇಳುವುದು. ನಿಮ್ಮದು ಡಿಚೋಲಿಯಿಂದ ಬಂದು ಡಿಚೋಲಿಗೇ ಹೋಗುತ್ತದೆ. ಇರಲಿ, ಅವರೇ ತುಂಬಿಕೊಳ್ಳಲಿ." ಚೀಟಿಯನ್ನು ಕ್ಯಾಮೆರಾಕ್ಕೆ ದಾರದಿಂದ ಕಟ್ಟಿದರು.

ಡಿಚೋಲಿಯಲ್ಲಿ ಇಳಿದಾಗ ಏಳು ದಾಟಿತ್ತು. ಹೊಳೆಪ್ಪ ಚಹಾ ಸೋಸುತ್ತಿದ್ದ.

"ಹೊಳೆಪ್ಪಣ್ಣಾ, ರಾಯ್ಕರ ಮಾಸ್ತರ ಕಳಿಸ್ಯಾರ. ಕ್ಯಾಮೆರಾದ ತಿದಿ ಮಾಡವ್ರು ಎಲ್ಲಿರತಾರ? ಲಗೂನ ಹೇಳು."

ಹೊಳೆಪ್ಪನ ಸೋಸುಬಟ್ಟೆ ಗಾಳಿಯಲ್ಲೇ ನಿಂತಿತು. "ಯಾರು ಕೇಳಾಕತ್ತಿ? ನೀನಾ?"

"ಮತ್ತ್ಯಾರು?"

"ಖರೇನ ಗೊತ್ತಿಲ್ಲ ನಿನಗ?"

"ಗೊತ್ತಿದ್ರ ನಿನ್ನ ಯಾಕ ಕೇಳತಿದ್ದೆ?"

ಲಾಟರಿ ಹತ್ತಿದವನ ಮುಖ ಹೇಗಿರುತ್ತದೋ ಹೊಳೆಪ್ಪನ ಮುಖ ಹಾಗಾಯಿತು. ಒಲೆಯಿಂದ ಕೆಟಲಿ ಇಳಿಸಿದ, ಗಿರಾಕಿಗಳಿಗೆ ಈಗ ಬಂದೆ ಎಂದ. "ನಡಿ. ಮುಂದಿನ ಬಾಗಲಾ ಬ್ಯಾಡ. ದೊಡ್ಡವ್ರು, ಹಿಂದಿನಿಂದ ಹೋಗೂಣು."

ಗ್ಯಾರೇಜಿನ ಹಿಂದೆ, ಪೇರಲ ಗಿಡದ ಕೆಳಗೆ, ಗಟಾರವೊಂದನ್ನು ಹಾರಿಸಿ, ಮಬ್ಬುಗತ್ತಲಲ್ಲಿ ಚಮನಸಾಬ ಎಂದೂ ತುಳಿಯದ ದಾರಿಯಲ್ಲಿ ಕರೆದುಕೊಂಡು ಹೋದ. ಬಚ್ಚಲಿನ ಕಲ್ಲಿನ ಮೇಲೆ ಹಗ್ಗ ಕಟ್ಟಿ ಹಸಿರು ಟಾವೆಲ್ಲೊಂದನ್ನು ಒಣಗಹಾಕಿದ್ದರು.

"ಇಂಥಾದ ಟಾವೆಲ್ ನನ್ನ ಹತ್ರನೂ ಐತಿ," ಎಂದ ಚಮನಸಾಬ.

"ಭಾಳ ಮಂದಿ ಹತ್ರ ಇರತಾವ," ಎಂದ ಹೊಳೆಪ್ಪ, ಕೆಮ್ಮುತ್ತ. ಬಾಗಿಲು ಬಡಿದ. "ತಂಗೀ, ಪಣಜಿಯಿಂದ ಕೆಲಸ ಬಂದೈತಿ. ಗಿರಾಕಿ ಸ್ವತಃ ಬಂದಾರ."

ಚಮನಸಾಬ ಚಪ್ಪಲಿ ಬಿಟ್ಟ. ತಲೆ ತಗ್ಗಿಸಿ ಮೂರೂ ಪೊಟ್ಟಣಗಳನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದ. ಬಾಗಿಲು ತೆರೆಯಿತು. ತಗ್ಗಿಸಿದ ಕಣ್ಣಿಗೆ ಮೊದಲು ಕಂಡದ್ದು ಆ ಕೈಗಳು: ಬೆರಳ ತುದಿಗೆ ಕಪ್ಪು ಅಂಟು ಮೆತ್ತಿತ್ತು. ಎಂಥ ಕೈಗಳು, ಎಂದುಕೊಂಡ. ಆಮೇಲೆ ಹಸಿರು ಬಳೆಗಳು ಕಂಡವು. ಅವನ್ನು ಮಾಪ್ಸೆಯ ಸಂತೆಯಲ್ಲಿ ಅವನೇ ಕೊಂಡು ತಂದಿದ್ದ.

ತಲೆ ಎತ್ತಿದ. ಅಮೀರಬಿ ನಿಂತಿದ್ದಳು. ಅವಳ ಹಿಂದೆ, ಮಧ್ಯಾಹ್ನದ ಬಸ್ಸಿಗೇ ಬಂದಿದ್ದ ಮಾವ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಹಾ ಕುಡಿಯುತ್ತಿದ್ದರು.

ಅಮೀರಬಿ ಪೊಟ್ಟಣಗಳನ್ನು ತೆಗೆದುಕೊಂಡಳು. ದೀಪದ ಕೆಳಗೆ ಹೋಗಿ ಚೀಟಿಯನ್ನು ದೊಡ್ಡ ದನಿಯಲ್ಲಿ ಓದಿದಳು. "ದೋಷ: ತಿದಿ ಸುಟ್ಟು ಕುಗ್ಗಿದೆ, ಇಪ್ಪತ್ತಮೂರು ತೂತು. ಕಾರಣ: ಮಾಲೀಕರ ಹೆಂಡತಿ ಒಲೆಯ ಪಕ್ಕ ಇಟ್ಟದ್ದು. ರಬ್ಬರ್ ತೇಪೆ ಹಚ್ಚಿದವರು: ಅದೇ ಹೆಂಡತಿ. ವಿಶೇಷ ಸೂಚನೆ: ಆಕೆಗೆ ನಾಜೂಕು ಕೆಲಸದ ಗಂಧವೇ ಇಲ್ಲ."

ಹಿತ್ತಲಲ್ಲಿ ಹೊಳೆಪ್ಪ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡ.

ಅಮೀರಬಿ ಸುಟ್ಟ ಚರ್ಮವನ್ನು ಮೂಗಿಗೆ ಹಿಡಿದಳು. "ನಮ್ಮ ಒಲಿಗಿ ಡೀಜಲ್ ಯಾವಾಗ ಹಾಕಿದ್ವಿ?"

"ನೀ... ಛತ್ರಿ..." ಎಂದ ಚಮನಸಾಬ.

"ಛತ್ರಿ ಅಂತ ನೀವ ಅಂದ್ರಿ. ನಾ ಹೂಂ ಅಂದೆ. ಎರಡ ವರ್ಷಾತು, ಇನ್ನೊಮ್ಮಿ ಕೇಳಲಿಲ್ಲ. ಐದ ತಿಂಗಳಾತು ಒಂದ ಹನಿ ಮಳಿ ಇಲ್ಲ, ಯಾರ ಛತ್ರಿ ರಿಪೇರಿ ಮಾಡಲಿ?"

"ಈಕಿಗಿ ತಿದಿ ಕೆಲಸಾ ಕೊಡ್ರಿ ಅಂತ ರಾಯ್ಕರಗ ಕಾಗದಾ ಬರದಾಂವ ನಾನ," ಎಂದರು ಮೈಬೂಬಸಾಬ ಚಹಾದ ಬಸಿಯನ್ನು ಕೆಳಗಿಟ್ಟು. "ನಾ ಕಲಿಸಿದ್ದು ಎಂಟಾಣೆ, ಆಕಿ ಮಾಡೂದು ರೂಪಾಯಿ. ಅದಿರಲಿ ಅಳಿಯಂದಿರ, ಹರಕು ಹಾರ್ಮೋನಿಯಂ ಹೆಂಗ ನುಡೀತು?"

ಚಮನಸಾಬ ಹೆಂಡತಿಯ ಕೈಗಳನ್ನೇ ನೋಡುತ್ತಿದ್ದ. ಯಂತ್ರದ ಮೇಲೆ ಅರ್ಧ ಮಡಚಿದ ತಿದಿಯೊಂದು ಮಲಗಿತ್ತು. ದಿನಾ ಅದರ ಮುಂದೆಯೇ ಓಡಾಡಿದ್ದ. ಬಂಗಾರದ ಕಡಗದ ಮಾತು ನೆನಪಾಯಿತು. "ಖರೇ ಹೇಳತೇನಿ ಅಮೀರಬಿ, ಪಣಜ್ಯಾಗ ನಿನ್ನ ಕೆಲಸಾ ನೋಡಿ ನಾ..."

"ನೋಡಿ ಏನ್ ಬರಸೀರಿ ಅಂತ ಓದಿದ್ನೆಲ್ಲ."

"ನಾಳಿ ಫೋಟೋಕ್ಕರ ಆಗತೈತಲ್ಲ?"

"ಸುಳ್ಳ ಕಾರಣ ಇದ್ದ ಕೆಲಸಾ ನಾ ಮುಟ್ಟೂದಿಲ್ಲ." ಪೆನ್ನು ಮುಂದೆ ಬಂತು. ಮಾವನ ಎದುರಿನಲ್ಲಿ ಚಮನಸಾಬ ಮೂರು ಸಾಲು ಹೊಡೆದುಹಾಕಿ, ಇಂಜಿನ್ ಎಂದೂ ದೇವಲಪ್ಪ ಎಂದೂ ಬರೆದು ಕೆಳಗೆ ಸಹಿ ಮಾಡಿದ.

"ಈಗ ಆತಲ್ಲ?"

"ಈಗ ಪಾಳಿ. ನಿಮ್ಮ ಮುಂದ ಒಂಬತ್ತ ಅದಾವು. ಬರೂ ಗುರುವಾರದ ಮುಂದಿನ ಗುರುವಾರ ಹೊಳೆಪ್ಪಣ್ಣನ ಅಂಗಡ್ಯಾಗ ಕೇಳ್ರಿ."

"ಅಲ್ಲಿತನಕ ನಾನೂ ಇಲ್ಲೇ ಇರತೇನಿ," ಎಂದು ಮಾವ ಕಾಲು ಚಾಚಿ ಕುಳಿತರು. "ಕ್ಯಾಮೆರಾ ರೆಡಿ ಆಗಲಿ."

ಚೀಟಿಯ ಒಂದು ಮನೆ ಇನ್ನೂ ಖಾಲಿಯಿತ್ತು. ಅಮೀರಬಿ ಕೊರಳಿನ ಅಳತೆ ಟೇಪು ತೆಗೆದು, ಒಂದು ತುದಿಯನ್ನು ಮಂಚದ ಕೆಳಗಿನ ಟ್ರಂಕಿಗೆ ಹಿಡಿಯಲು ಗಂಡನಿಗೇ ಕೊಟ್ಟಳು. ಇನ್ನೊಂದು ತುದಿಯನ್ನು ಹೊಲಿಗೆ ಯಂತ್ರದವರೆಗೆ ಎಳೆದು, ಬಗ್ಗಿ ನೋಡಿ, "ಬಂದ ದೂರ"ದ ಎದುರಿಗೆ ಬರೆದಳು: ನಾಲ್ಕು ಅಡಿ ಎರಡು ಇಂಚು.