ತಿರುಮಲೇಶನ ಕಾಡುದಾರಿ

ಬೆಳಿಗ್ಗೆ ನಲ್ಲಿಯ ಹತ್ತಿರ ಅಕ್ಕು "ಎಲ್ಲಿಗೆ ಸವಾರಿ?" ಎಂದು ಕೇಳಿದಾಗ ತಿರುಮಲೇಶ ಬಾಯಿ ಮುಕ್ಕಳಿಸಿ ಸುಮ್ಮನಾಗಿದ್ದರೆ ಈ ಫಜೀತಿಯೇ ಇರುತ್ತಿರಲಿಲ್ಲ. ಆದರೆ ಮೈಸೂರು ಕಡೆಯ ಮನುಷ್ಯ. ಚಾಳಿನ ಹಿರಿಯ ಹೆಂಗಸು ಕೇಳಿದರೆ ಉತ್ತರ ಕೊಡದಿರುವುದು ಹೇಗೆ?

"ನಮ್ಮ ಸದಾನಂದನ ಮೋಟಾರ್ ಸೈಕಲ್ ಮೇಲೆ. ಮಲಾಡ್ ದಾಟಿ ಕಾಡುದಾರಿ ಹಿಡಿದು ನಾಲ್ಕು ದಿನ ಸುತ್ತಿ ಬರ್ತೀವಿ" ಎಂದುಬಿಟ್ಟ.

ವಿಮಾ ಕಂಪೆನಿಯ ಗುಮಾಸ್ತ ತಿರುಮಲೇಶನಿಗೆ ಪರೇಲಿನ ಈ ಚಾಳು, ಫೋರ್ಟಿನ ಆ ಮೇಜು, ನಡುವೆ ಲೋಕಲ್ಲಿನ ನೂಕುನುಗ್ಗಲು ಇಷ್ಟೇ ಮುಂಬಯಿ. ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುವ ಗೆಳೆಯ ಸದಾನಂದ ಮಿಲಿಟರಿ ಹರಾಜಿನಲ್ಲಿ ಹಳೆಯ ಮೋಟಾರ್ ಸೈಕಲ್ ಕೊಂಡ ದಿನದಿಂದ ಇವನಿಗೆ ಕಣ್ಣು ಮುಚ್ಚಿದರೆ ಸಾಕು, ಎತ್ತಿನ ಗಾಡಿಯ ಜಾಡು, ತೊರೆ, ತೇಗದ ಮರ. ಮ್ಯಾನೇಜರರನ್ನು ಕಾಡಿ ಬೇಡಿ ಸಂಪಾದಿಸಿದ ರಜೆ ಇದು. ಈ ಸಲ ಕೈತಪ್ಪಿದರೆ ಮತ್ತೆ ಯಾವ ಕಾಲಕ್ಕೋ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸದಾನಂದ ಬಂದು ಹಾರ್ನ್ ಒತ್ತುವಷ್ಟರಲ್ಲಿ ಅಕ್ಕು ತಯಾರಾಗಿ ನಿಂತಿದ್ದಳು.

"ಮಲಾಡಿನ ಮೇಲೆಯೇ ಹೋಗುವುದಲ್ವಾ? ನಮ್ಮ ಸೇವಂತಿ ಅಲ್ಲಿ ಬಾಣಂತಿ. ಅವಳಿಗೆ ಈ ಬಾಟ್ಲಿ ದಶಮೂಲಾರಿಷ್ಟ. ಮತ್ತೆ ಅಳಿಯ ಪೂವಪ್ಪನ ಹೊಸ ಹೋಟೆಲಲ್ಲಿ ರುಬ್ಬುವ ಕಲ್ಲಿನ ಗುಂಡು ಒಡೆದಿದೆಯಂತೆ. ಇದೊಂದು ಗುಂಡು ಕೊಟ್ಟುಬಿಡಿ. ಭಾರ ಏನಿಲ್ಲ."

ಭಾರವಿಲ್ಲದ ಆ ಗುಂಡನ್ನು ಇಬ್ಬರು ಗಂಡಾಳುಗಳು ಉಸ್ಸಪ್ಪಾ ಎಂದು ಹೊತ್ತು ತಂದರು.

ಸದಾನಂದ ಕಣ್ಣಲ್ಲೇ ಬೇಡವೆಂದ. ತಿರುಮಲೇಶ ಬಾಯಲ್ಲಿ, "ಅಯ್ಯೋ, ಅದಕ್ಕೇನಂತೆ, ಕೊಡಿ" ಎಂದ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ ಅನ್ನುತ್ತಾರೆ. ಗುಂಡನ್ನು ಇಡಲು ಗಾಡಿಯಲ್ಲೂ ಜಾಗವಿರಲಿಲ್ಲ. ಕೊನೆಗೆ ಅದನ್ನು ಅವನ ಮಡಿಲಲ್ಲಿಟ್ಟು, ಟವೆಲಿನಿಂದ ಹೊಟ್ಟೆಗೆ ಬಿಗಿದು, ಮೇಲೆ ಕೋಟಿನ ಗುಂಡಿ ಹಾಕಿದರು. ತುಂಬು ಬಸುರಿಯ ಹಾಗೆ ಬೆನ್ನು ಹಿಂದಕ್ಕೆ ಬಾಗಿಸಿಕೊಂಡು ತಿರುಮಲೇಶ ಕಾಡಿಗೆ ಹೊರಟ.

"ಬೇಡ ಅಂತ ಒಂದು ಮಾತು ಹೇಳಲಿಕ್ಕೆ ಬರುವುದಿಲ್ವಾ ಮಾರಾಯ ನಿನಗೆ?" ಎಂದು ಸದಾನಂದ ದಾದರಿನವರೆಗೂ ಬೈದ.

ಮಾಹಿಮಿನಲ್ಲಿ ಪೊಲೀಸರು ಅಡ್ಡಗಟ್ಟಿದರು. ಪಾನನಿರೋಧದ ಕಾಲ. ಹೊಟ್ಟೆಗೆ ಟ್ಯೂಬು ಕಟ್ಟಿಕೊಂಡು ಕಳ್ಳಭಟ್ಟಿ ಸಾಗಿಸುವವರನ್ನು ದಿನವೂ ಹಿಡಿದು ಪಳಗಿದ್ದ ಹವಾಲ್ದಾರನಿಗೆ ಈ ಹೊಟ್ಟೆ ಕಂಡು ಹಬ್ಬವಾಯಿತು. ಲಾಠಿಯಿಂದ ತಿವಿದ. ಟಣ್ ಎಂದಿತು. ಕೋಟು ಬಿಚ್ಚಿಸಿದರೆ ಕಲ್ಲು. ನಿರಾಶೆಯಿಂದ ಚೀಲ ತಡಕಿದಾಗ ಬಾಟ್ಲಿ ಸಿಕ್ಕಿತು. ಮುಚ್ಚಳ ತೆಗೆದು ಮೂಸಿದರೆ ಸಾರಾಯಿಯಂಥ ವಾಸನೆ; ಅವನ ಮುಖ ಅರಳಿತು.

"ಬಾಣಂತಿ ಕಾ ದವಾ ಹೈ ಸಾಬ್" ಎಂದು ಸದಾನಂದ ಗೋಗರೆದ.

"ಬಾಳಂತೀಣ್ ಕುಠೇ ಆಹೇ?" ಬಾಣಂತಿ ಎಲ್ಲಿ ಎಂದು ಹವಾಲ್ದಾರ ಮರಾಠಿಯಲ್ಲಿ ಗುಡುಗಿ, ಬಾಣಂತಿ ಇವನೇ ಇರಬಹುದೇ ಎಂಬಂತೆ ತಿರುಮಲೇಶನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನೆರೆದಿದ್ದ ಜನ ಗೊಳ್ಳೆಂದರು. ದಾರಿಹೋಕ ವೈದ್ಯರೊಬ್ಬರು ಬಂದು ಬಾಟ್ಲಿ ಮೂಸಿ, ಔಷಧಿಯೇ ಹೌದೆಂದು ಹೇಳುವವರೆಗೂ ಬಿಡುಗಡೆಯಿಲ್ಲ.

ಗೋರೆಗಾಂವ್ ದಾಟಿದ ಮೇಲೆ ಒಂದು ಹೊಂಡ. ಗಾಡಿ ಎಗರಿತು, ಗುಂಡು ಎಗರಿತು, ಗುಂಡಿನ ಜೊತೆ ತಿರುಮಲೇಶನೂ ಎಗರಿ ಕೂತ. ಚೈನು ಪಟ್ಟೆಂದು ಹರಿಯಿತು. ಅಲ್ಲಿಂದ ಮುಂದೆ ಗುಂಡು ಸೀಟಿನ ಮೇಲೆ ರಾಜನ ಹಾಗೆ ಕೂತು ಹೋಯಿತು. ಗೆಳೆಯರಿಬ್ಬರೂ ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಹಿಂದಿನಿಂದ ದೂಡಿದರು.

ಮಲಾಡಿನಲ್ಲಿ ಪೂವಪ್ಪ ದೇವರೇ ಬಂದಂತೆ ಸ್ವಾಗತಿಸಿದ. ಊಟ ಹಾಕಿದ. ಅವನ ಹೋಟೆಲಿನಲ್ಲಿ ರುಬ್ಬುವ ಕೆಲಸದ ಕಾಶಪ್ಪ, ಹುಬ್ಬಳ್ಳಿ ಕಡೆಯವನು, ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಹಿಂದೆ ಕಾಡಿನಿಂದ ಮರ ತರುವ ಲಾರಿಯಲ್ಲಿ ಕ್ಲೀನರ್ ಆಗಿದ್ದವನಂತೆ.

"ಚೈನ್ ಹರದೈತಿ, ಬ್ರೇಕೂ ಸಡ್ಲ ಆಗೈತಿ. ನಾ ಮಾಡಿ ಕೊಡ್ತೀನ್ರಿ. ಆದ್ರ ಸಂಜಿ ವಡಿಗೆ ಉದ್ದು ಯಾರು ರುಬ್ಬಬೇಕ್ರಿ?"

ಪೂವಪ್ಪ ರುಬ್ಬುವ ಕಲ್ಲಿನ ಕಡೆ ನೋಡಿದ. ಆ ನೋಟವನ್ನು ತಿರುಮಲೇಶನಿಗೆ ತಾಳಲಾಗಲಿಲ್ಲ. "ಅಲ್ಲಿವರೆಗೆ ನಾನೇ ರುಬ್ತೀನಿ, ಬಿಡಿ" ಎಂದ. ಸದಾನಂದ ಹಣೆ ಚಚ್ಚಿಕೊಂಡ.

ಉದ್ದು ಮುಗಿದರೆ ಕಾಯಿಚಟ್ನಿ, ಚಟ್ನಿ ಮುಗಿದರೆ ಸಾಂಬಾರಿನ ಮಸಾಲೆ. ರಟ್ಟೆ ಬಿದ್ದುಹೋಯಿತು. ನೋವು ಮರೆಯಲೆಂದು ದೇವರನಾಮ ಗುನುಗತೊಡಗಿದ. ಪೂವಪ್ಪ ಇಣುಕಿ, "ಕಷ್ಟ ಆಗ್ತದಾ?" ಎಂದು ಕೇಳಿದ.

"ಛೆ ಛೆ! ಆಫೀಸಿನ ಕೆಲಸಕ್ಕಿಂತ ಇದೇ ಖುಷಿಯಾಗಿದೆ!"

ಹೊರಗೆ ಫಟಫಟ ಸದ್ದು ಕೇಳಿಸಿತು. ಗಾಡಿ ಸರಿಹೋಯಿತು! ತಿರುಮಲೇಶನ ಎದೆ ಹಿಗ್ಗಿತು. ಇನ್ನು ಹೊರೆಯಿಲ್ಲ, ಹಂಗಿಲ್ಲ; ಇವತ್ತಿನ ರಾತ್ರಿ ಯಾವುದೋ ಗುಡಿಯ ಜಗಲಿಯಲ್ಲಿ ನಕ್ಷತ್ರ ನೋಡುತ್ತ ಮಲಗುವುದು. ಉಳಿದ ಮಸಾಲೆಯನ್ನು ಹುರುಪಿನಿಂದ ಮುಗಿಸಿ, ಕೈ ತೊಳೆದು, ಕೋಟು ಹಾಕಿಕೊಂಡು ಹೊರಗೆ ಬಂದ.

ಅಂಗಳದಲ್ಲಿ ಗಾಡಿಯಿರಲಿಲ್ಲ.

"ಸದಾನಂದ ಎಲ್ಲಿ?"

"ಕಾಡಿಗೆ ಹೋದನಲ್ಲ" ಎಂದ ಪೂವಪ್ಪ, ವಡೆ ತಟ್ಟುತ್ತ. "ನಾಲ್ಕು ದಿನ ಬಿಟ್ಟು ಬರ್ತಾನೆ."

"ನನ್ನ ಬಿಟ್ಟು? ಒಬ್ಬನೇ?"

"ಒಬ್ಬನೇ ಯಾಕೆ, ಕಾಶಪ್ಪ ಇದ್ದಾನಲ್ಲ. ಅವನು ರಿಪೇರಿಗೆ ಕೂಲಿ ಬೇಡ ಅಂದ ಮಾರಾಯ್ರೆ. ಕಾಡಿನ ದಾರಿ ಎಲ್ಲಾ ನನಗೆ ಗೊತ್ತುಂಟು, ನನ್ನನ್ನೂ ಒಮ್ಮೆ ಕರ್ಕೊಂಡು ಹೋಗಿ ಅಂದ. ಹಿಂದೆ ಇರುವುದು ಒಂದೇ ಸೀಟು. ನೀವು ಹೇಗೂ ಒಳಗೆ ಹಾಡ್ತಾ ಖುಷಿಯಲ್ಲಿದ್ರಿ, ರಜೆಯೂ ಉಂಟು, ನಾಲ್ಕು ದಿನ ರುಬ್ಬಲಿಕ್ಕೆ ನೀವೇ ಆಯ್ತು ಅಂತ ನಾನೇ ಧೈರ್ಯ ಹೇಳಿದೆ." ಪೂವಪ್ಪ ನಾಳೆಯ ಇಡ್ಲಿಗೆ ನೆನೆದ ಉದ್ದಿನ ಪಾತ್ರೆಯನ್ನು ತಿರುಮಲೇಶನ ಕಡೆಗೆ ಸರಿಸಿದ. "ಆದರೂ ಸದಾನಂದ ತುಂಬ ಹೊತ್ತು ಒದ್ದಾಡಿದ. ಕಡೆಗೆ ಕಾಶಪ್ಪನ ಮುಖ ನೋಡಿ, ಪಾಪ, ಬೇಡ ಅನ್ನಲಿಕ್ಕೆ ಅವನಿಗೆ ಬಾಯಿಯೇ ಬರಲಿಲ್ಲ."